ಇಮೋಜೀನಳ ಬಲಗಾಲು

ಶಾಲೆಗೆ ಬೇಸಿಗೆ ರಜೆ ಬಿಟ್ಟ ವಾರವೇ ಇಮೋಜೀನ್ ಬಲ ಮೊಣಕಾಲಿನ ಕೀಲು ಬದಲಿಸುವ ಆಪರೇಷನ್ ಮಾಡಿಸಿಕೊಂಡಳು. ಕೋಲ್ಡ್ ಫೋರ್ಕ್ ಕಣಿವೆಯ ಶಾಲಾ ಬಸ್ಸು ಓಡಿಸುತ್ತಿದ್ದವಳು ಅವಳು. ಆಗಸ್ಟ್‌ನಲ್ಲಿ ಶಾಲೆ ತೆರೆಯುವಷ್ಟರಲ್ಲಿ ಬ್ರೇಕ್ ತುಳಿಯುವ ಕಾಲು ಸರಿಹೋಗಬೇಕಿತ್ತು. "ಮೊದಲನೇ ತಿಂಗಳೇ ಮುಖ್ಯ. ಈ ವಾರವೇ ಫಿಸಿಯೋಥೆರಪಿ ಶುರು ಮಾಡ್ಬೇಕು, ಇಲ್ದಿದ್ರೆ ಕೀಲು ಬಿಗಿದುಕೊಳ್ಳುತ್ತೆ," ಎಂದು ಹೇಳಿ ಸರ್ಜನ್ ಮನೆಗೆ ಕಳಿಸಿದ್ದರು.

ನೋಡಿಕೊಳ್ಳಲು ಅಕ್ಕ ಆರ್ಡಿತ್ ಬಂದು ಉಳಿದಳು. ಇಮೋಜೀನಳ ಗಂಡ ಗಣಿಯ ಕಲ್ಲಿದ್ದಲಿನ ಧೂಳು ಎದೆಯಲ್ಲಿ ಕೂತು ಸತ್ತಿದ್ದ. ಆರ್ಡಿತಳ ಗಂಡ ಹೋಬರ್ಟ್ ಸತ್ತಿರಲಿಲ್ಲ. ಅವಳನ್ನು ಬಿಟ್ಟು, ಡಾನೆಟ್ ಎಂಬವಳನ್ನು ಕಟ್ಟಿಕೊಂಡು ಇದೇ ಊರಿನಲ್ಲಿ ಸಂಸಾರ ಹೂಡಿದ್ದ. ಆ ಡಾನೆಟ್ ಊರಿನಲ್ಲಿದ್ದ ಒಬ್ಬಳೇ ಫಿಸಿಯೋಥೆರಪಿಸ್ಟ್.

ನಾನು ಪಕ್ಕದ ಮನೆಯವಳು. ಮೆಕ್ಕೆಜೋಳದ ಬ್ರೆಡ್ಡು ಕೊಡಲು ಹೋದಾಗಲೆಲ್ಲ ಆರ್ಡಿತ್ ಫೋನ್ ಹಿಡಿದು ಕೂತಿರುತ್ತಿದ್ದಳು. ವಿಮೆಯವರು ಕೊಟ್ಟ, ಸುತ್ತಲಿನ ಊರುಗಳ ಫಿಸಿಯೋಥೆರಪಿಸ್ಟ್‌ಗಳ ಹೆಸರುಗಳನ್ನೆಲ್ಲ ಒಂದೊಂದಾಗಿ ವಿಚಾರಿಸುತ್ತಿದ್ದಳು.

"ಈ ನಂಬರ್ ಟೈರ್ ಅಂಗಡೀದಂತೆ," ಎಂದಳು ಒಂದು ದಿನ. "ಇನ್ನೊಬ್ಬ ಸತ್ತೇಹೋಗಿದ್ದಾನೆ. ಈಗ ಇರೋ ಕಡೆ ಯಾವ ಇನ್ಶೂರೆನ್ಸೂ ನಡಿಯಲ್ಲ ಅಂದ್ಳು ಅವನ ಹೆಂಡ್ತಿ."

ಇಮೋಜೀನ್ ಹಾಸಿಗೆಯಿಂದಲೇ ನಕ್ಕಳು. ಆಮೇಲೆ ಅಳುಕುತ್ತ ಕೇಳಿದಳು, "ಅಕ್ಕಾ, ಬೇಜಾರು ಮಾಡ್ಕೋಬೇಡ. ಡಾನೆಟ್?"

ಆರ್ಡಿತ್ ಫೋನನ್ನು ಮೆಲ್ಲಗೆ ಕೆಳಗಿಟ್ಟಳು. "ಮೊದಲು ಮಾಡಿದ್ದೇ ಅವಳಿಗೆ ಕಣೇ. ಮಾನ ಮರ್ಯಾದೆ ನುಂಗ್ಕೊಂಡು ಮಾಡ್ದೆ. ನಿನ್ನ ಇನ್ಶೂರೆನ್ಸ್ ಅವಳು ತಗೋಳಲ್ವಂತೆ."

ಇಮೋಜೀನಳ ಕಣ್ಣು ತುಂಬಿತು. ಅಕ್ಕ ತನಗಾಗಿ ಆ ಮನೆಗೂ ಫೋನ್ ಮಾಡಿದಳಲ್ಲ ಎಂದು ಅವಳ ಕೈ ಹಿಡಿದುಕೊಂಡಳು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಆಸ್ಪತ್ರೆಯವರು ಹೇಳಿಕೊಟ್ಟಿದ್ದ ವ್ಯಾಯಾಮವನ್ನು ಒಬ್ಬಳೇ ಮಾಡಿದಳು. ಬಾಯಿಗೆ ಟವೆಲ್ ತುರುಕಿಕೊಂಡು ಕಾಲು ಮಡಚುತ್ತಿದ್ದಳು. ಆರ್ಡಿತ್ ಓಡಿ ಬಂದು, "ಸಾಕು ಬಿಡು, ಇಷ್ಟೊಂದು ಹಿಂಸೆ ಯಾಕೆ," ಎಂದು ಕಾಲನ್ನು ದಿಂಬಿನ ಮೇಲೆ ನೆಟ್ಟಗಿಡುತ್ತಿದ್ದಳು. ಐಸ್ ಇಡುವಳು, ಸ್ನಾನ ಮಾಡಿಸುವಳು, ಹುರುಳಿಕಾಯಿ ಬೇಯಿಸಿ ಹಂದಿಮಾಂಸದ ಚೂರು ಹಾಕಿ ಬಿಸಿಬಿಸಿ ಉಣಿಸುವಳು. ಅಂಥ ಆರೈಕೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಕಾಲು ಮಾತ್ರ ನೆಟ್ಟಗಿದ್ದಂತೆಯೇ ಗಟ್ಟಿಯಾಗುತ್ತ ಹೋಯಿತು.

ಜುಲೈ ಮುಗಿಯುವಾಗ ಸರ್ಜನ್ ನೋಡಿ ಮುಖ ಗಂಟಿಕ್ಕಿದರು. ಅರಿವಳಿಕೆ ಕೊಟ್ಟು ಬಲವಂತವಾಗಿ ಮಡಚಿಸಿದರೆ ಸ್ವಲ್ಪ ಬಂದೀತು ಎಂದರು. ವಿಮೆಯವರು ಒಪ್ಪಲಿಲ್ಲ. ಮೊದಲು ಫಿಸಿಯೋಥೆರಪಿ ಮಾಡಿಸಿರಬೇಕಿತ್ತಂತೆ.

ಶಾಲೆ ತೆರೆಯುವ ಮುಂಚೆ ಚಾಲಕರ ಪರೀಕ್ಷೆ ಇತ್ತು. ಕರೆದುಕೊಂಡು ಹೋದವಳು ನಾನೇ. ಬಸ್ಸಿನ ಮೊದಲ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿದಳು. ಸೀಟಿನಲ್ಲಿ ಕೂತರೆ ಕಾಲು ಮಡಚದೆ ಸ್ಟೇರಿಂಗ್ ಕೆಳಗೆ ಸಿಕ್ಕಿಕೊಂಡಿತು. ಕೆಳಗಿಳಿಸಲು ಇಬ್ಬರು ಬೇಕಾಯಿತು. ಕೆಲಸ ಹೋಯಿತು, ಅದರ ಜೊತೆ ಬಂದಿದ್ದ ವಿಮೆಯೂ ತಿಂಗಳ ಕೊನೆಗೆ ನಿಲ್ಲುತ್ತದೆ ಎಂದರು ಶಾಲೆಯವರು.

ಹಿಂದಿರುಗುವಾಗ ಹಾಲು ಕೊಳ್ಳಲು ಅಂಗಡಿಗೆ ಹೋದೆವು. ಅಲ್ಲಿ ಡಾನೆಟ್ ಸಿಕ್ಕಳು. ಇಮೋಜೀನ್ ಕಾಲೆಳೆಯುವುದನ್ನು ಕಂಡು ಸಾಮಾನಿನ ತಳ್ಳುಗಾಡಿ ಬಿಟ್ಟು ಓಡಿ ಬಂದಳು.

"ಇದೇನು ಜೀನ್? ಲೆಕ್ಸಿಂಗ್ಟನ್‌ನ ದೊಡ್ಡ ಆಸ್ಪತ್ರೆಯವರು ಹಿಂಗಾ ಮಾಡಿ ಕಳಿಸೋದು?"

"ಲೆಕ್ಸಿಂಗ್ಟನ್?"

"ಅಲ್ಲಿಗೆ ಹೋಗ್ತಾಳೆ ಅಂದ್ರಲ್ಲ ನಿಮ್ಮಕ್ಕ. ನಾನೇ ಎರಡು ಸಲ ಫೋನ್ ಮಾಡಿದ್ದೆ, ನಿಂಗೆ ಅಂತ ಬೆಳಗಿನ ಹೊತ್ತು ಖಾಲಿ ಇಟ್ಟಿದ್ದೆ."

"ನನ್ನ ಇನ್ಶೂರೆನ್ಸ್ ನೀನು ತಗೋಳಲ್ಲ ಅಲ್ವಾ?"

"ಯಾರು ಹೇಳಿದ್ದು? ಶಾಲೆಯ ಅರ್ಧ ಜನ ಅದೇ ಕಾರ್ಡ್ ಹಿಡ್ಕೊಂಡು ನನ್ನ ಹತ್ರಾನೇ ಬರ್ತಾರೆ."

ಇಮೋಜೀನ್ ಹಾಲು ಕೊಳ್ಳದೆಯೇ ಕಾಲೆಳೆಯುತ್ತ ಕಾರಿನ ಕಡೆ ನಡೆದಳು.

ಆರ್ಡಿತ್ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದಳು. ತಂಗಿಯ ಮುಖ ನೋಡಿದವಳೇ ಅರ್ಥ ಮಾಡಿಕೊಂಡಳು. ಕೈ ಮಾತ್ರ ನಿಲ್ಲಿಸಲಿಲ್ಲ.

"ಹೋಗಿದ್ರೆ ಅವಳ ಮುಂದೆ ಕಾಲು ಚಾಚ್ಕೊಂಡು ಮಲಗ್ತಿದ್ದೆ ನೀನು, ಅಲ್ವಾ? ಅವಳು ನಿನ್ನ ಮುಟ್ಟಬೇಕಿತ್ತಾ?"

"ಕಾಲು ನಂದು ಅಕ್ಕಾ."

"ಬೇರೆ ಯಾರಾದ್ರೂ ಸಿಗ್ತಾರೆ ಅಂದ್ಕೊಂಡೆ. ಸಿಗ್ಲಿಲ್ಲ. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ?" ಇನ್ನೊಂದು ಕಾಯಿಯ ನಾರು ಎಳೆದು ಅಂದಳು, "ವರ್ಷಾನುಗಟ್ಟಲೆ ಅವರ ಮಗಳನ್ನ ನಿನ್ನ ಬಸ್ಸಲ್ಲಿ ಕೂರಿಸ್ಕೊಂಡು ಹೋದೆ. ಆ ಮನೆ ಮುಂದೆ ನಿಂತು ನಗ್ತಾ ಮಾತಾಡಿಸ್ತಿದ್ದೆ. ಅವಾಗೆಲ್ಲ ನಂಗೆ ಹೇಗಾಗ್ತಿತ್ತು ಅಂತ ಕೇಳಿದ್ಯಾ ಒಂದಿನ?"

"ಗಂಟುಮೂಟೆ ಕಟ್ಟಿ ಹೊರಡು."

"ಹೊರಡ್ತೀನಿ. ನಾಳೆ ಬೆಳಿಗ್ಗೆ ನಿಂಗೆ ಕಾಲುಚೀಲ ಯಾರು ಹಾಕ್ತಾರೆ?"

ನಾನು ಹಾಕುತ್ತೇನೆ ಎನ್ನಲು ಬಾಯಿ ತೆರೆದೆ. ಇಮೋಜೀನ್ ಕೈಯೆತ್ತಿ ನನ್ನನ್ನು ತಡೆದಳು. ಆಮೇಲೆ ಅಕ್ಕನನ್ನೇ ನೋಡುತ್ತ, "ಇರು ಹಾಗಾದ್ರೆ," ಎಂದಳು. "ನಾಳೆಯಿಂದ ಡಾನೆಟ್ ಹತ್ರ ಹೋಗ್ಬೇಕು. ಕಾರು ನೀನೇ ಓಡಿಸ್ಬೇಕು."

ಡಾನೆಟ್ ಕೈಲಾದಷ್ಟು ಮಾಡಿದಳು. ಕಾಲು ಒಂದಿಷ್ಟು ಬಾಗಿ ಅಲ್ಲೇ ನಿಂತಿತು. ತಿಂಗಳು ಮುಗಿಯುವ ಮುಂಚೆಯೇ, "ಜೀನ್, ಸುಳ್ಳು ಹೇಳಲ್ಲ, ಇನ್ನು ಇದಕ್ಕಿಂತ ಬರೋದಿಲ್ಲ. ಸುಮ್ನೆ ನೋವು ತಿನ್ಬೇಡ," ಎಂದಳು. ವಿಮೆ ನಿಂತಿತು. ಇಮೋಜೀನ್ ಹೋಗುವುದನ್ನು ನಿಲ್ಲಿಸಲಿಲ್ಲ. ಕೈಯಿಂದ ಕೊಡುತ್ತೇನೆ ಎಂದಳು. ಡಾನೆಟ್ ದುಡ್ಡು ಮುಟ್ಟಲಿಲ್ಲ, ಬರಬೇಡ ಎನ್ನಲೂ ಅವಳಿಂದ ಆಗಲಿಲ್ಲ.

ಅಕ್ಟೋಬರ್‌ನಲ್ಲಿ ಒಮ್ಮೆ ಆರ್ಡಿತಳ ಕಾರು ಕೆಟ್ಟು, ಇಬ್ಬರನ್ನೂ ನಾನು ಕರೆದುಕೊಂಡು ಹೋದೆ. ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಮೇಜಿನ ಹಿಂದೆ ಕೂತು ರೋಗಿಗಳ ಹೆಸರು ಬರೆದುಕೊಳ್ಳುವವನು ಹೋಬರ್ಟ್ ಎಂದು ನನಗೆ ಆವತ್ತೇ ಗೊತ್ತಾಗಿದ್ದು. ಗೋಡೆಯ ತುಂಬ ಅವನ, ಡಾನೆಟಳ, ಮಗಳ ಫೋಟೋಗಳು. ಆರ್ಡಿತ್ ಅವನ ಎದುರಿನ ಕುರ್ಚಿಯಲ್ಲಿ, ಮಡಿಲ ಮೇಲೆ ಕೈಚೀಲ ಇಟ್ಟುಕೊಂಡು, ನೆಲ ನೋಡುತ್ತ ಕೂತಳು.

"ಕಾಫಿ ತರ್ಲಾ ಆರ್ಡಿತ್?" ಎಂದ ಹೋಬರ್ಟ್. ಆರ್ಡಿತ್ ಹೇಳಿದ್ದ ಸುಳ್ಳು ಅವನಿಗೆ ಗೊತ್ತಿರಲಿಲ್ಲ.

"ಬೇಡ."

ಒಳಗೆ ಮಂಚದ ಮೇಲೆ ಇಮೋಜೀನ್ ಮಲಗಿದ್ದಳು. ಡಾನೆಟ್ ಬಾಗಿಲು ಹಾಕಲು ಹೋದಾಗ, "ತೆಗೆದೇ ಇರ್ಲಿ," ಎಂದಳು. ಡಾನೆಟ್ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದಳು. ಇಮೋಜೀನ್ ಕೂಗಿದ ಕೂಗು ಬೀದಿಗೂ ಕೇಳಿಸಿರಬೇಕು. ಬೆವರಿಳಿಯುತ್ತಿದ್ದ ಮುಖವನ್ನು ಹೊರಳಿಸಿ ಬಾಗಿಲಿನಾಚೆ ಕೂತಿದ್ದ ಅಕ್ಕನನ್ನೇ ನೋಡುತ್ತ, "ಇನ್ನೊಂದು ಸಲ," ಎಂದಳು.