ದಾರಿ ಬದಿಯ ಬೊಂಡ

ಕಡಲೆಹಿಟ್ಟು ಎಣ್ಣೆಗೆ ಬಿದ್ದ ವಾಸನೆ, ಠಾಣೆ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನಿಂದ ಕಿಟಕಿಯ ಸರಳುಗಳ ನಡುವೆ ತೂರಿ ಲೇಡೀಸ್ ಡಬ್ಬಿಯೊಳಗೆ ಬಂದು ನೇರ ನನ್ನ ಪಕ್ಕದಲ್ಲೇ ಕೂತಿತು, ಬೇರೆ ಸೀಟು ನೋಡಿಕೋ ಎಂದರೂ ಏಳುವುದಿಲ್ಲ, ಗಾಡಿ ಹೊರಟರೂ ಇಳಿಯುವುದಿಲ್ಲ, ನೆರೂಳದವರೆಗೂ ಜೊತೆಗೆ ಬರುವ ಲಕ್ಷಣ — ಇವತ್ತೇ ಬರಬೇಕಿತ್ತೆ ಇದು, ಎರಡು ದಿನದಿಂದ ಬೊಂಡ ಎಂಬ ಎರಡಕ್ಷರ ನನ್ನ ತಲೆಯಲ್ಲಿ ಮಗುಚಿ ಮಗುಚಿ ಕೆಂಪಗಾಗುತ್ತಿರುವಾಗ. ಸಮಿತ್ ಬರೆದದ್ದು ಮೂರೇ ಸಾಲು, ಫೋನಿನಲ್ಲಿ, ಬಿಸಿಲಲ್ಲಿ ನಡೆದು ಸೋತವನಿಗೆ, ದಾರಿ ಬದಿಯಲ್ಲಿ ಸಿಕ್ಕಿದ, ಬೊಂಡ ನೀನು. ಅದರ ಕೆಳಗೆ ಗದ್ಯದಲ್ಲಿ, ಮನೆಯಲ್ಲಿ ನಮ್ಮಿಬ್ಬರ ವಿಷಯ ಹೇಳ್ಬಹುದಾ, ಭಾನುವಾರ ಕವಿಗೋಷ್ಠಿಗೆ ಬರುವಾಗ ಹೂಂ ಅಥವಾ ಇಲ್ಲ ಎರಡರಲ್ಲಿ ಒಂದು ಹೇಳಿ, ನಾನು ನೆರೂಳ ಸ್ಟೇಶನ್ನಿನಲ್ಲೇ ನಿಂತಿರ್ತೇನೆ. ಗದ್ಯದಲ್ಲಿ ನೀವು, ಪದ್ಯದಲ್ಲಿ ನೀನು. ಕನ್ನಡ ಸಂಘದ ಗೋಷ್ಠಿಗಳಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ಶೈಲಶ್ರೀಯವರೇ, ಶೈಲಶ್ರೀಯವರೇ ಎನ್ನುತ್ತಿದ್ದವನು ಮೊದಲ ಸಲ ನೀನು ಎಂದಾಗ ಎದೆ ಜೋಕಾಲಿಯಾಯಿತು, ಆದರೆ ಮೇಲೆ ಹೋದಷ್ಟೇ ಜೋರಾಗಿ ಕೆಳಗೂ ಬಂತು, ನೀನು ಸರಿ, ಅದರ ಹಿಂದಿನ ಬೊಂಡ ಯಾಕೆ. ಡೊಂಬಿವಲಿಯ ಶಾಲೆಯಲ್ಲಿ ಬೆಂಚು ತುಂಬಿಸಿ ಕೂರುತ್ತಿದ್ದ ನನಗೆ ಏ ವಡಾ, ಸರಕ್ ನಾ ಥೋಡೀ, ಸ್ವಲ್ಪ ಸರಿ ಆಚೆ, ಎನ್ನುತ್ತಿದ್ದರು, ಬಟಾಟಾ ವಡಾದ ವಡಾ, ಗುಂಡಗೆ, ಎಣ್ಣೆ ಎಣ್ಣೆಯಾಗಿ, ಪಾವ್ ಬ್ರೆಡ್ಡಿನ ನಡುವೆ ಒತ್ತಿ ಇಡುವಂಥದ್ದು. ಅದನ್ನು ಮರೆತು ಸೀರೆ ಉಡಲು ಕಲಿತು, ಕನ್ನಡಿಯ ಜೊತೆ ಸ್ನೇಹ ಮಾಡಿಕೊಂಡು, ಕವಿತೆ ಬರೆಯುವ ಒಬ್ಬ ಹುಡುಗ ನನ್ನನ್ನು ನೋಡುತ್ತಿದ್ದಾನೆ ಎಂದು ಹಿಗ್ಗುವಷ್ಟರಲ್ಲಿ, ಅವನೂ ನೋಡಿದ್ದು ಅದನ್ನೇ.

ಇವನ ಮುಂದೆ ಶಶಿಕಾಂತನೇ ವಾಸಿಯೇನೋ, ವಾಗ್ಳೆ ಎಸ್ಟೇಟಿನ ಆಫೀಸಿನಲ್ಲಿ ಕೂತು ಕವಿತೆ ಬರೆಯುವ ನಮ್ಮ ಕಡೆಯ ಹುಡುಗ, ಅಪ್ಪನಿಗೂ ಮೆಚ್ಚುಗೆ, ಯುಗಾದಿಗೆ ನನಗೊಂದು ಕವಿತೆ ಕಳಿಸಿದ್ದ, ಚಂದ್ರಮುಖಿ, ಕಮಲನಯನೆ, ಹಂಸದ ನಡಿಗೆಯವಳೆ, ಓದುತ್ತ ಓದುತ್ತ ನಾನು ಸೋಫಾದಿಂದ ಅಡಿಗೆಮನೆಗೆ ಹಂಸದ ಹಾಗೆ ನಡೆದು ನೋಡಿದ್ದೆ, ಅಮ್ಮ ಕಾಲಿಗೇನಾಯ್ತು ಎಂದಿದ್ದಳು — ರಾಜ್ಯೋತ್ಸವದ ದಿನ ಅದೇ ಶಶಿಕಾಂತ ವೇದಿಕೆಗೆ ಬಂದು ತಾಯಿ ಭುವನೇಶ್ವರಿಯ ಮೇಲೆ ಕವಿತೆ ಓದಿದ, ಅದೇ ಚಂದ್ರಮುಖ, ಅದೇ ಕಮಲನಯನ, ಅದೇ ಹಂಸ. ಚಪ್ಪಾಳೆ ಬಿತ್ತು. ಚಂದ್ರ ಎಲ್ಲರ ಮನೆಯ ಗ್ಯಾಲರಿಗೂ ಬರುತ್ತಾನೆ, ಅವನನ್ನು ಯಾರ ಮುಖಕ್ಕೆ ಅಂಟಿಸಿದರೂ ಕೂರುತ್ತಾನೆ, ಆ ಕವಿತೆಯಲ್ಲಿ ನಾನೂ ಇರಲಿಲ್ಲ, ಶಶಿಕಾಂತನೂ ಇರಲಿಲ್ಲ. ಅಜ್ಜಿ ಹಾಗಲ್ಲ, ನನ್ನ ಕಾಳವ್ವಜ್ಜಿ, ಸಹಿ ಹಾಕಲು ಬರುತ್ತದೆ ಅಷ್ಟೇ, ಆದರೆ ನಾನು ನಕ್ಕಾಗಲೆಲ್ಲ ಎರಿ ಹೊಲದಾಗ ಹತ್ತಿಕಾಯಿ ಒಡದಾಂಗ ನಗ್ತಿ ನೋಡವಾ ಎನ್ನುತ್ತಾಳೆ, ಹತ್ತಿಯ ಹೊಲವನ್ನು ನಾನು ನೋಡಿದ್ದೇ ಇಲ್ಲ, ಆದರೂ ಕಪ್ಪು ಮಣ್ಣಿನ ಮೇಲೆ ಟಪ್ ಎಂದು ಒಡೆದ ಬಿಳಿ ನನ್ನ ನಗು ಎಂಬುದು ನನಗೆ ಗೊತ್ತು, ಅಜ್ಜಿಯ ಹದಿನಾರರ ವಯಸ್ಸು, ಅವಳ ಬಿಸಿಲು, ಅವಳು ಬಿಟ್ಟು ಬಂದ ಹೊಲ, ಎಲ್ಲ ಆ ಒಂದು ಹತ್ತಿಕಾಯಿಯಲ್ಲಿವೆ. ಅವಳ ಕಥೆಯಲ್ಲೂ ಹಾಗೇ, ಮಾಟಗಾತಿ ರಾಜನ ಮಗಳನ್ನು ಕುಂಬಳಕಾಯಿ ಮಾಡಿ ಹೊಲದಲ್ಲಿ ಉಳಿದ ಕುಂಬಳಕಾಯಿಗಳ ನಡುವೆ ಬಿಟ್ಟುಬಿಡುತ್ತಾಳೆ, ರಾಜಕುಮಾರರು ಬಂದು ಮಿರಿಮಿರಿ ಮಿಂಚುವುದನ್ನು ಒಯ್ದು ಪಲ್ಯ ಮಾಡಿಸಿ ಉಂಡು ಏಳುತ್ತಾರೆ, ಕುರಿ ಕಾಯುವವ ಮಾತ್ರ ಒಂದೊಂದರ ಮುಂದೂ ಕುಕ್ಕರಗಾಲಲ್ಲಿ ಕೂತು ಒಂದೊಂದು ಚಾಷ್ಟಿ ಹೇಳುತ್ತಾನೆ, ಯಾವುದು ನಕ್ಕು ಅಲುಗಾಡಿತೋ ಅದೇ ಅವಳು. ನಾನು ಈ ಊರಿನಲ್ಲಿ ಕಾದದ್ದು ಅಂಥವನೊಬ್ಬನಿಗೆ. ನಿನ್ನೆ ಬೆಳಿಗ್ಗೆ ತಡೆಯಲಾರದೆ ಸಮಿತನ ಮೂರು ಸಾಲು ಅಜ್ಜಿಗೆ ಓದಿದೆ, ಬೊಂಡಾ ಅಂದನೇನವಾ, ಹೂಂ ಅಜ್ಜಿ, ಬಿಸೀದೋ ಆರಿದ್ದೋ, ಅದನ್ನ ಬರದಿಲ್ಲ, ಹಂಗಾರ ಕೇಳು, ಬಿಸೀದಿದ್ರ ಹೂಂ ಅನ್ನು, ಆರಿದ್ದಿದ್ರ ಬ್ಯಾಡ ಅನ್ನು, ಆರಿದ ಬೊಂಡಾ ಯಾರ ತಿಂತಾರ. ಅಜ್ಜಿ ನಕ್ಕಳು, ನಾನು ನಗಲಿಲ್ಲ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ, ಸ್ವಲ್ಪವೇ. ಇವತ್ತು ಸೀದಾ ಇಲ್ಲ ಎನ್ನುವುದು, ಎರಡಕ್ಷರಕ್ಕೆ ಎರಡಕ್ಷರ, ಲೆಕ್ಕ ಚುಕ್ತಾ.

ಐರೋಳಿ ಹೋಯಿತು, ರಬಾಳೆ ಹೋಯಿತು, ಒಂದು ಕಡೆ ಗುಡ್ಡ ಓಡುತ್ತಿದೆ, ಇನ್ನೊಂದು ಕಡೆ ಹೊಸ ಕಟ್ಟಡಗಳು, ಘಣಸೋಲಿಯಲ್ಲಿ ಇಬ್ಬರು ಹತ್ತಿ ಎದುರಿನ ಸೀಟಿನಲ್ಲಿ ಕೂತರು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ತುಳು, ತುಳುವಿನ ನಡುವೆ ಕನ್ನಡ, ಸಮಿತನ ಕಡೆಯವರು, ಈ ದನಿಯೇ ಇವತ್ತು ಬೇಡ ಎಂದು ಮುಖ ತಿರುಗಿಸಿದೆ, ಕಿವಿ ತಿರುಗಲಿಲ್ಲ — ಇಳಿದ ಕೂಡ್ಲೇ ಒಂದು ಬೊಂಡ ಕುಡಿಯುವ ಆಯ್ತಾ ವಿನೋದಕ್ಕ, ಗಂಟಲು ಒಣಗಿ ಹೋಯ್ತು ನಂಗೆ. ಸ್ಟೇಶನ್ ಹೊರಗಿನವನದ್ದು ಬೇಡ ಮಾರಾಯ್ತಿ, ಅವನ ಬೊಂಡದಲ್ಲಿ ನೀರೇ ಇಲ್ಲ, ಬರೀ ಗಂಜಿ, ಚಮಚ ಹಾಕಿ ತಿನ್ಬೇಕಷ್ಟೆ. ಕುಡಿಯುವ. ಬೊಂಡ ಕುಡಿಯುವ. ಬೊಂಡದಲ್ಲಿ ನೀರು. ನನ್ನ ಬಾಯಿ ನನ್ನನ್ನು ಕೇಳದೆ ಕೇಳಿಬಿಟ್ಟಿತು, ಆಂಟಿ, ಬೊಂಡಾ ಕುಡೀತಾರೇನ್ರಿ. ಮತ್ತೆಂತ, ಹುರಿದು ತಿನ್ನುದಾ, ಎಂದರು ವಿನೋದಕ್ಕ, ಇಬ್ಬರೂ ನಕ್ಕರು, ನೀವು ಘಟ್ಟದ ಮೇಲಿನವರಾ, ಹೌದ್ರಿ, ವಿಜಯಪುರದ ಕಡೆ, ಅದೇ ನೋಡು, ನಿಮ್ಮಲ್ಲಿ ಎಳನೀರು ಅಂತಾರೆ, ಇಲ್ಲಿ ಗಾಡಿಯವ ನಾರಿಯಲ್ ಪಾನಿ ಅಂತಾನೆ, ನಮಗೆ ಬೊಂಡ, ಯಾಕೆ, ಯಾರಾದ್ರೂ ಕುಡಿಸ್ತೇನೆ ಅಂದ್ರಾ ನಿಮ್ಗೆ. ನಾನು ಇಲ್ಲರಿ ಎಂದೆ, ಕಿವಿ ಬಿಸಿಯಾಯಿತು, ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನೋಡಿಕೊಳ್ಳಲಿ — ಬಿಸಿಲಲ್ಲಿ ನಡೆದು ಸೋತವನಿಗೆ, ದಾರಿ ಬದಿಯಲ್ಲಿ ಸಿಕ್ಕಿದ, ಈಗ ಓದಿದರೆ ಅಕ್ಷರ ಅವೇ, ಎಣ್ಣೆ ಎಲ್ಲಿ ಹೋಯಿತು, ಬಾಣಲೆ ಎಲ್ಲಿ ಹೋಯಿತು, ಹಸಿರು ಸಿಪ್ಪೆ, ಕತ್ತಿಯ ಏಟು, ಮುಚ್ಚಳದ ಹಾಗೆ ಎದ್ದ ಚೂರು, ಒಳಗೆ ಯಾರೂ ಮುಟ್ಟಿರದ ತಣ್ಣನೆಯ ನೀರು, ಉಪ್ಪು ಮರಳಿನ ನೆಲದಿಂದ ಇಡೀ ಮರ ಹತ್ತಿ ಮೇಲೆ ಹೋಗಿ ಸಿಹಿಯಾದ ನೀರು. ಅಜ್ಜಿ, ಅದು ಆರಿದ್ದೇ ಅಂತ, ಆರಿದ್ದೇ ಇರಬೇಕಂತ. ಹತ್ತನೇ ಇಯತ್ತೆಯವರೆಗೆ ಉಡುಪಿಯ ಕಡೆ ಅಜ್ಜಿಮನೆಯಲ್ಲಿ ಬೆಳೆದು ಆಮೇಲೆ ನೆರೂಳಕ್ಕೆ ಬಂದವನು, ಈ ಊರಿನ ಬಿಸಿಲಲ್ಲಿ ಎಷ್ಟು ದಿನ ಬಾಯಾರಿ ನಡೆದಿದ್ದನೋ, ನನ್ನನ್ನು ಹೇಳಲು ಅವನು ಆಕಾಶಕ್ಕೆ ಹೋಗಲಿಲ್ಲ, ತನ್ನ ಅಂಗಳಕ್ಕೆ ಹೋದ. ಉಪಮೆಯಲ್ಲಿ ಬರೆದವರ ವಿಳಾಸ ಇರುತ್ತದೆ, ಶಶಿಕಾಂತನ ಚಂದ್ರನ ಮೇಲೆ ವಿಳಾಸವೇ ಇರಲಿಲ್ಲ, ಸಮಿತನ ಬೊಂಡದ ಮೇಲೆ ಪೂರ್ತಿ ಇತ್ತು, ಓದಲು ಬಾರದವಳು ನಾನು.

ತುರ್ಭೆ ದಾಟುವುದರೊಳಗೆ ಉತ್ತರ ಬರೆಯಬೇಕು, ಬರೀ ಹೂಂ ಸಾಲದು, ಪದ್ಯಕ್ಕೆ ಪದ್ಯವೇ ಬೇಕು, ನನ್ನದೇ ಬೇಕು. ಹತ್ತಿಕಾಯಿ ಅಜ್ಜಿಯದು, ಅದನ್ನು ಎತ್ತಿಕೊಂಡರೆ ನಾನೂ ಶಶಿಕಾಂತನೇ. ಕಿಟಕಿ ಸೀಟು ನೀನು ಎನ್ನಲೇ, ಡೊಂಬಿವಲಿಯ ಹುಡುಗಿಗೆ ಅದಕ್ಕಿಂತ ದೊಡ್ಡದೇನಿದೆ, ಆದರೆ ಕಿಟಕಿ ಸೀಟು ನಾನು ಎದ್ದ ಕೂಡಲೆ ಇನ್ನೊಬ್ಬಳದಾಗುತ್ತದೆ, ಬೇಡವೇ ಬೇಡ. ತೊಡೆಯ ಮೇಲಿನ ಚೀಲದಿಂದ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಘಾಟು, ಗೋಷ್ಠಿ ಮುಗಿದ ಮೇಲೆ ಎಲ್ಲರೂ ಕೂಡಿ ಉಣ್ಣುವುದಕ್ಕೆಂದು ಕಟ್ಟಿಸಿಕೊಂಡ ಬುತ್ತಿ, ಖಡಕ್ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ, ನಾನೇ ಕುಟ್ಟಿದ ಚಟ್ನಿಪುಡಿ, ಉಪ್ಪು ನನ್ನದು, ಖಾರ ನನ್ನದು, ಚಿಕ್ಕವಳಿದ್ದಾಗ ಪಲ್ಯ ಬೇಡ, ಸಾರು ಬೇಡ, ಹಿಂಡಿ ಒಂದಿದ್ದರೆ ಸಾಕು ಎಂದು ತಟ್ಟೆಯ ಮುಂದೆ ಹಟ ಹಿಡಿಯುತ್ತಿದ್ದವಳು ನಾನಲ್ಲವೆ — ಬೆರಳು ತಾನೇ ಓಡಿತು, ಖಾಲಿ ರೊಟ್ಟಿ ಮುರಿಯುತ್ತ ಕೂತವಳಿಗೆ, ಬುತ್ತಿಯ ಮೂಲೆಯಲ್ಲಿ ಸಿಕ್ಕಿದ, ಹಿಂಡಿ ನೀನು. ನೀನು ಎಂದೆ, ನಾನೂ ನೀನು ಎಂದೆ. ಕಳಿಸಿಬಿಟ್ಟೆ, ನೀಲಿ ಗೆರೆ ಎರಡೂ ಬಿದ್ದವು, ಉತ್ತರ ಇಲ್ಲ, ಜುಯಿನಗರ ಬಂತು, ಉತ್ತರ ಇಲ್ಲ, ನೆರೂಳ, ಇಳಿದೆ, ವಿನೋದಕ್ಕ ಹಿಂದಿನಿಂದ ಹೋಗ್ಬನ್ನಿ, ಬೊಂಡ ಕುಡೀರಿ ಎಂದರು, ಸೇತುವೆಯ ಮೆಟ್ಟಿಲ ಕೆಳಗಿನ ನೆರಳಲ್ಲಿ ಅವನು ನಿಂತಿದ್ದಾನೆ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಇಲ್ಲದ ಮುಖ. ಓದಿದ್ರೇನು. ಓದಿದೆ. ಮತ್ತ. ಇಲ್ಲ ಅಂತ ಸೀದಾ ಹೇಳ್ಬಹುದಿತ್ತು ಶೈಲಶ್ರೀಯವರೇ, ಹಿಂಡಿ ಅಂತೆಲ್ಲ ಹೇಳ್ಬೇಕಿತ್ತಾ. ಯಾಕ್ರಿ, ಹಿಂಡಿಗೇನಾಗೇದ. ನಮ್ಮಲ್ಲಿ ಹಿಂಡಿ ಅಂದ್ರೆ ದನಕ್ಕೆ ಹಾಕುದು, ಗಾಣದಲ್ಲಿ ಎಣ್ಣೆ ತೆಗೆದು ಉಳಿಯುತ್ತಲ್ಲ, ಅದು, ನಮ್ಮ ಕೆಂಪಿಗೆ ದಿನಾ ಬೆಳಿಗ್ಗೆ ನಾನೇ ಹಾಕ್ತಿದ್ದೆ. ದನ. ನನ್ನ ಪದ್ಯದ ಬುತ್ತಿಗೆ ಅವನ ಅಂಗಳದಿಂದ ಒಂದು ದನ ಬಂದು ಮುಖ ಹಾಕಿತ್ತು, ನಾನು ನಕ್ಕ ರಭಸಕ್ಕೆ ಒಬ್ಬ ಮುದುಕ ತಿರುಗಿ ನೋಡಿದ, ಹೇಳಲು ಹೋದರೆ ನಗು, ಇದು ಹೂಂ ಅಂತರೀ, ಮನ್ಯಾಗ ಹೇಳ್ರಿ ಎಂದರೂ ಅವನು ನಂಬಲಿಲ್ಲ, ಕಣ್ಣಲ್ಲಿ ಇನ್ನೂ ಅದೇ ದನ, ಮಾತು ಬಿಟ್ಟು ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದೆ. ಒಂದು ಚಿಟಿಕೆ ತೆಗೆದುಕೊಂಡ, ನನ್ನನ್ನು ನೋಡಿದ, ಬಾಯಿಗೆ ಹಾಕಿದ. ಖಾರ ಉಂಟು, ಎಂದ. ಇನ್ನೊಂದು ಚಿಟಿಕೆ ತೆಗೆದ. ನಾನು ಹೂಂ ಎಂದದ್ದು ಅವನ ಮುಖಕ್ಕೆ ಮೆಲ್ಲಗೆ ತಲುಪುತ್ತಿದೆ, ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ, ಗಾಡಿ ಹೊರಟಿತು, ಗೋಷ್ಠಿಗೆ ಹೊತ್ತಾಯಿತು, ಚಂದ್ರ ಇಲ್ಲ, ಹಂಸ ಇಲ್ಲ, ಬೇರೆ ಯಾವ ಉಪಮೆಯೂ ತಲೆಗೆ ಬರುತ್ತಿಲ್ಲ, ನೆರಳಲ್ಲಿ ನಿಂತು, ರೆಪ್ಪೆ ಅರ್ಧ ಮುಚ್ಚಿ, ಅವಸರವಿಲ್ಲದೆ, ಹಿಂಡಿ ಮೆಲ್ಲುತ್ತಿರುವ ದನ, ದವಡೆ ಎಡಕ್ಕೆ, ದವಡೆ ಬಲಕ್ಕೆ, ಹಿಂಡಿ ಮೆಲ್ಲುತ್ತ ನನ್ನನ್ನೇ ನೋಡುತ್ತಿರುವ ದನ