ಸಣ್ಣ ತಂತಿಯ ಸ್ವರಗಳು

ನೆವಾಳ ತರಗತಿಯಲ್ಲಿ ಕಾಗದಕ್ಕೆ ಜಾಗವಿರಲಿಲ್ಲ. ಯಾವುದಾದರೂ ಮಗು ಸ್ವರ ಬರೆದುಕೊಂಡು ಬಂದರೆ, "ಅದನ್ನ ಮಡಚಿ ಆ ಕುರ್ಚಿ ಕಾಲಿನ ಕೆಳಗಿಡು, ಆಗಿನಿಂದ ಅಲುಗಾಡ್ತಿದೆ," ಎನ್ನುತ್ತಿದ್ದಳು. ಅವಳ ಅಮ್ಮ ಅವಳಿಗೆ ಕಲಿಸಿದ್ದೂ ಹಾಗೆಯೇ. ದೊಡ್ಡವರು ಒಂದು ಸಾಲು ನುಡಿಸಬೇಕು, ಮಗು ಅದನ್ನೇ ಮರಳಿ ನುಡಿಸಬೇಕು. ಬರದಿದ್ದರೆ ಇನ್ನೊಮ್ಮೆ. ಕಿವಿಯಿಂದ ಕೈಗೆ, ನಡುವೆ ಯಾರೂ ಇಲ್ಲ. ವರ್ಜೀನಿಯಾದ ಆ ಬೆಟ್ಟದ ಸಾಲಿನಲ್ಲಿ ಬ್ಲೂಗ್ರಾಸ್ ಸಂಗೀತ ಉಳಿದು ಬಂದದ್ದು ಹೀಗೆ ಎಂದು ಅವಳು ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯಿರುತ್ತಿತ್ತು.

ಶನಿವಾರ ಬೆಳಗಿನ ಹತ್ತು ಗಂಟೆಗೆ ಚರ್ಚಿನ ನೆಲಮಾಳಿಗೆಯಲ್ಲಿ ತರಗತಿ. ಮಕ್ಕಳು ಒಂಬತ್ತೂವರೆಗೇ ಬಂದು ಬೀಗ ಹಾಕಿದ ಬಾಗಿಲ ಮುಂದೆ ಮೆಟ್ಟಿಲ ಮೇಲೆ ಕೂತು ಶುರುಮಾಡಿಬಿಟ್ಟಿರುತ್ತಿದ್ದರು. ಹನ್ನೆರಡು ಮಕ್ಕಳಲ್ಲಿ ಪಿಟೀಲಿನವರೇ ಏಳು ಜನ. ಅವರಲ್ಲಿ ಹದಿನಾಲ್ಕರ ರೇಲಿನ್‌ಳ ಹುಚ್ಚು ಬೇರೆಯೇ ಮಟ್ಟದ್ದು. ಅವಳ ತಾಯಿ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುತ್ತಿದ್ದುದರಿಂದ, ಹುಡುಗಿ ಅಂಗಳದಲ್ಲಿ ನಿಂತ ಟ್ರಕ್ಕಿನೊಳಗೆ ಕೂತು, ಕಿಟಕಿ ಏರಿಸಿ, ಬೆವರುತ್ತ ಅಭ್ಯಾಸ ಮಾಡುತ್ತಿದ್ದಳು. ಎಡಗೈ ಬೆರಳ ತುದಿಗಳು ಜಡ್ಡುಗಟ್ಟಿದ್ದವು. "ಮಿಸ್ ನೆವಾ, ಇಲ್ನೋಡಿ, ಈಗ ಪಿನ್ನು ಚುಚ್ಚಿದ್ರೂ ಗೊತ್ತಾಗಲ್ಲ," ಎಂದು ಮೆರೆಯುವಳು.

"ಚುಚ್ಕೊಂಡು ನೋಡ್ಬೇಡ ಮಹರಾಯ್ತಿ, ನಿಮ್ಮಮ್ಮನಿಗೆ ನಾನು ಉತ್ತರ ಹೇಳ್ಬೇಕು," ಎನ್ನುವಳು ನೆವಾ.

ರೇಲಿನ್ ನುಡಿಸುತ್ತಿದ್ದದ್ದು ನೆವಾಳ ಹಾಗೆಯೇ. ಕಮಾನನ್ನು ಎಳೆಯುವ ಮೊದಲು ಉಸಿರು ಹಿಡಿಯುವುದು, ಸಾಲಿನ ಕೊನೆಯನ್ನು ತುಸು ಎಳೆದು ಬಿಡುವುದು, ಎಲ್ಲವೂ. ನೆವಾಳಿಗೆ ಮಕ್ಕಳಿರಲಿಲ್ಲ. ಗಂಡ ಹದಿನೈದು ವರ್ಷದ ಹಿಂದೆ ಕೆರೊಲೈನಾ ಕಡೆ ಕೆಲಸ ಹುಡುಕಿ ಹೋದವನು ಕೆಲಸದ ಜೊತೆ ಇನ್ನೊಬ್ಬಳನ್ನೂ ಹುಡುಕಿಕೊಂಡ. ಈ ಹುಡುಗಿಯ ಕೈಯಲ್ಲಿ ತನ್ನ ಕೈಯನ್ನು ಕಂಡಾಗಲೆಲ್ಲ ಅವಳಿಗೆ, ಪರವಾಗಿಲ್ಲ, ನಾನು ಪೂರ್ತಿ ಅಳಿಸಿಹೋಗುವುದಿಲ್ಲ, ಅನ್ನಿಸುತ್ತಿತ್ತು.

ಒಂದೇ ಒಂದು ಸಲ ಈ ನೆಮ್ಮದಿಗೆ ಕಲ್ಲು ಬಿದ್ದಿತ್ತು. ಎರಡು ವರ್ಷದ ಹಿಂದೆ, ಮ್ಯಾಂಡೊಲಿನ್ ಕಲಿಯುತ್ತಿದ್ದ ಜೋರಿ ಎಂಬ ಹುಡುಗಿ ನಡುವೆ ನಿಲ್ಲಿಸಿ, "ಮಿಸ್ ನೆವಾ, ಸಣ್ಣ ತಂತಿಯಲ್ಲಿ ಮೇಲೆ ಹೋದಾಗ ನಿಮ್ಮ ಸ್ವರ ಇಳೀತಾ ಇದೆ. ನಂದು ಮೆಟ್ಟು ಇರೋ ವಾದ್ಯ, ಸ್ವರ ಎಲ್ಲಿರ್ಬೇಕೋ ಅಲ್ಲೇ ಕೂತಿರುತ್ತೆ. ನಾನು ಬೇಕೂಂದ್ರೂ ಅಷ್ಟು ಇಳಿಸೋಕಾಗಲ್ಲ," ಎಂದಿದ್ದಳು.

"ಮೆಟ್ಟು ಹಾಕಿದವನು ಯಾವನೋ ಕಾರ್ಖಾನೆಯವನು," ಎಂದಿದ್ದಳು ನೆವಾ. "ನಮ್ಮಮ್ಮನ ಕಡೆಯವರು ಎರಡು ಮೆಟ್ಟಿನ ಮಧ್ಯ ಇರೋದನ್ನ ನುಡಿಸ್ತಿದ್ರು. ಅದು ಹಳಬರ ದಾರಿ ಕಣಮ್ಮ. ಕೇಳಿಸ್ಕೊಳ್ಳೋಕೆ ಕಿವಿ ಬೇಕು."

ಮಕ್ಕಳು ಕಿಸಕ್ಕೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ರೇಲಿನ್. ಮುಂದಿನ ಶನಿವಾರ ಜೋರಿ ಬರಲಿಲ್ಲ. ಆಮೇಲೆ ಮ್ಯಾಂಡೊಲಿನ್ ಹಿಡಿದವರು ತಾಳಕ್ಕೆ ತಕ್ಕಂತೆ ತಂತಿ ಕುಕ್ಕುವುದರಲ್ಲೇ ತೃಪ್ತರಾಗಿದ್ದರು, ರಾಗದ ತಂಟೆಗೆ ಬರಲಿಲ್ಲ.

ಈ ಆಗಸ್ಟಿನಲ್ಲಿ ರೇಲಿನ್ ಮೊದಲ ಬಾರಿ ಕಿರಿಯರ ಪಿಟೀಲು ಸ್ಪರ್ಧೆಗೆ ನಿಂತಳು. ನೆವಾಳ ಅಮ್ಮನಿಂದ ಬಂದ ಹಳೆಯ ಧಾಟಿಯನ್ನೇ ನುಡಿಸುವುದೆಂದು ಹಟ. ಮುಖ ನೋಡಿ ಅಂಕ ಕೊಡಬಾರದೆಂದು ತೀರ್ಪುಗಾರರು ವೇದಿಕೆಯ ಹಿಂದಿನ ಮುಚ್ಚಿದ ವ್ಯಾನಿನೊಳಗೆ ಕೂತು ಬರೀ ಕೇಳುತ್ತಾರೆ. ನೆವಾ ವೇದಿಕೆಯ ಪಕ್ಕದಲ್ಲಿ ನಿಂತು ಹುಡುಗಿಯ ಬೆರಳುಗಳನ್ನೇ ನೋಡಿದಳು. ಒಂದೂ ತಡವರಿಸಲಿಲ್ಲ. ಕಣ್ಣು ತುಂಬಿ ಬಂತು.

ಬಹುಮಾನಕ್ಕೆ ಹತ್ತು ಹೆಸರು ಕರೆದರು. ರೇಲಿನ್‌ಳ ಹೆಸರು ಅದರಲ್ಲಿರಲಿಲ್ಲ.

ಸ್ಪರ್ಧೆಗೆ ಬಂದವರು ಹಾಕಿಕೊಂಡಿದ್ದ ಡೇರೆಗಳ ನಡುವೆ ನೆವಾಳ ಅಣ್ಣ ಹೋಬರ್ಟ್ ಬ್ಯಾಂಜೊ ಹಿಡಿದು ಕೂತಿದ್ದ. ತರಗತಿಗೂ ಬಂದು ಮಕ್ಕಳ ಜೊತೆ ನುಡಿಸುವವನು ಅವನೇ. ತೀರ್ಪುಗಾರರನ್ನು ಕೇಳಿಯೇ ಬರುತ್ತೇನೆಂದು ಹೋಗಿದ್ದ ರೇಲಿನ್ ಕೆಂಡಾಮಂಡಲವಾಗಿ ಬಂದಳು.

"ಒಬ್ಬಳು ಅಜ್ಜಿ ಇದ್ಳು. ಕಮಾನಿನ ಕೈ ಇವತ್ತು ಕೇಳಿದ್ದರಲ್ಲೇ ಒಳ್ಳೇದು ಅಂದ್ಳು. ಆದ್ರೆ ಸಣ್ಣ ತಂತಿಯಲ್ಲಿ ಮೇಲಿನ ಸ್ವರ ಎಲ್ಲಾ ಇಳಿದಿದೆಯಂತೆ! ಒಂದೊಂದು ಸಲವೂ ಅಷ್ಟಕ್ಕಷ್ಟೇ ಇಳಿದಿದೆಯಂತೆ. ಇದು ಕೈ ತಪ್ಪಿದ್ದಲ್ಲ ಮಗೂ, ಯಾರೋ ಕಲಿಸಿದ್ದು, ಯಾರು ಅಂತ ಕೇಳಿದ್ಳು. ನಾನು ಬಿಡ್ತೀನಾ? ಅದು ಹಳಬರ ದಾರಿ, ನಿಮಗೆ ಗೊತ್ತಿಲ್ಲ ಅಂದೆ. ಹೌದಲ್ವಾ ಮಿಸ್ ನೆವಾ?"

ನೆವಾ ಉತ್ತರ ಕೊಡುವ ಮೊದಲು ಅಣ್ಣನ ಕಡೆ ನೋಡಿದಳು. ಅವನ ಕೈ ತಂತಿಯ ಮೇಲೆ ನಿಂತುಬಿಟ್ಟಿತ್ತು. ತಲೆ ಎತ್ತಲಿಲ್ಲ.

"ರೇಲಿನ್, ಹೋಗಿ ಏನಾದ್ರೂ ತಿನ್ಕೊಂಡು ಬಾ," ಎಂದಳು. ಹುಡುಗಿ ದೂರವಾದ ಮೇಲೆ, "ಹೋಬರ್ಟ್, ಹೇಳು."

"ಏನ್ ಹೇಳ್ಲಿ?"

"ಎಷ್ಟು ದಿನದಿಂದ ಗೊತ್ತು ನಿಂಗೆ?"

ಅವನು ಬ್ಯಾಂಜೊ ಮೀಟಲು ಬೆರಳಿಗೆ ಹಾಕಿದ್ದ ಉಗುರುಕವಚಗಳನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡ. "ಫ್ಯಾಕ್ಟ್ರಿ ಮುಚ್ಚಿದ ಕಾಲದಿಂದ. ಮೊದಮೊದಲು ಸ್ವಲ್ಪ ಇತ್ತು. ಈಗೀಗ ಜಾಸ್ತಿ."

"ಬಾಯಿ ಬಿದ್ದುಹೋಗಿತ್ತಾ ನಿಂಗೆ?"

"ಅಮ್ಮ ಹೋಗಿದ್ಳು. ನಿನ್ನ ಗಂಡ ಹೋಗಿದ್ದ. ಕೆಲಸ ಹೋಗಿತ್ತು. ಇದೊಂದನ್ನ ಹಿಡ್ಕೊಂಡು ಎದ್ದು ಓಡಾಡ್ತಿದ್ದೆ ನೀನು. ಅದನ್ನೂ ನಾನೇ ಕಿತ್ಕೊಳ್ಲಾ? ಜನ ಹಳೇ ಕಾಲದ್ದು ಅಂದ್ರು. ನಾನೂ ಹಂಗೇ ಅಂದ್ಕೊಳ್ಳೋಕೆ ನೋಡ್ದೆ ಕಣೇ."

ಇಪ್ಪತ್ತೆಂಟು ವರ್ಷ ಅವಳು ಕಾಲುಚೀಲದ ಕಾರ್ಖಾನೆಯಲ್ಲಿ, ಹೆಣಿಗೆ ಯಂತ್ರಗಳ ಆರ್ಭಟದ ನಡುವೆ, ಚೀಲದ ಕಾಲ್ಬೆರಳ ತುದಿಯನ್ನು ಹೊಲಿದು ಮುಚ್ಚುವ ಕೆಲಸ ಮಾಡಿದ್ದಳು. ಕಿವಿಗೆ ಹತ್ತಿ ತುರುಕಿಕೊಳ್ಳುವವರನ್ನು ಹೆಂಗಸರೆಲ್ಲ ಸೇರಿ ಗೇಲಿ ಮಾಡುತ್ತಿದ್ದರು, ಅವಳೂ ಮಾಡಿದ್ದಳು. ಈಚೆಗೆ ಬೆಳಗಿನ ಹೊತ್ತು ಹಕ್ಕಿಗಳೇ ಕಡಿಮೆಯಾಗಿವೆ ಎಂದುಕೊಂಡಿದ್ದಳು. ಹಕ್ಕಿ ಕಡಿಮೆಯಾಗಿವೆಯೆಂದು ಪೇಪರಿನಲ್ಲೂ ಬಂದಿತ್ತಲ್ಲ.

ಸೋಮವಾರ ಅಡುಗೆಮನೆಯ ಮೇಜಿನ ಮೇಲೆ ಅಮ್ಮನ ಕ್ಯಾಸೆಟ್ಟು ಹಾಕಿದಳು. ಶ್ರುತಿ ತೋರಿಸುವ ಪುಟ್ಟ ಯಂತ್ರವೊಂದನ್ನು ಹೋಬರ್ಟ್ ಕೊಟ್ಟು ಹೋಗಿದ್ದ. ಸ್ವರ ಸರಿಯಿದ್ದರೆ ಹಸಿರು, ಇಳಿದರೆ ಕೆಂಪು. ಅಮ್ಮ ಅದೇ ಧಾಟಿಯ ಎತ್ತರದ ಸಾಲಿಗೆ ಬಂದಳು. ಹಸಿರು. ಇನ್ನೊಂದು. ಅದೂ ಹಸಿರು. ಅಮ್ಮ ಯಾವ ಎರಡು ಮೆಟ್ಟಿನ ಮಧ್ಯವನ್ನೂ ನುಡಿಸಿರಲಿಲ್ಲ. ನೆವಾ ಕ್ಯಾಸೆಟ್ಟು ನಿಲ್ಲಿಸಿ, ಪಿಟೀಲು ಎತ್ತಿ, ಅದೇ ಸಾಲನ್ನು ನುಡಿಸಿದಳು. ಅವಳ ಕಿವಿಗೆ ಎರಡೂ ಒಂದೇ ಇತ್ತು. ಯಂತ್ರ ಮಾತ್ರ ಕೊನೆಯವರೆಗೂ ಕೆಂಪಗೆ ಉರಿಯಿತು.

ಕಿವಿ ಹೋಯಿತೆಂದು ಅಳು ಬರಲಿಲ್ಲ. ಐವತ್ತೇಳು ವರ್ಷಕ್ಕೆ ಹೆಂಗಸಿಗೆ ಒಂದಲ್ಲ ಒಂದು ಹೋಗುತ್ತಲೇ ಇರುತ್ತದೆ. ಆದರೆ ತರಗತಿ ನಡೆಸಿದ ಒಂಬತ್ತು ವರ್ಷದಲ್ಲಿ ಎಷ್ಟು ಮಕ್ಕಳು! ನಾನು ನುಡಿಸಿದ್ದನ್ನೇ ನುಡಿಸು, ನಿನ್ನ ಬುದ್ಧಿ ಸೇರಿಸಬೇಡ ಎಂದು ಒಬ್ಬೊಬ್ಬರಿಗೂ ಹೇಳಿ, ತನ್ನ ಕಿವುಡನ್ನು ಅವರ ಕಿವಿಗೆ ಇಟ್ಟು ಹೊಲಿದುಬಿಟ್ಟಿದ್ದಳು. ನಿಜ ಕೇಳಿಸಿದ ಒಬ್ಬಳನ್ನು ನಗೆಪಾಟಲು ಮಾಡಿ ಓಡಿಸಿದ್ದಳು.

ಮಾರನೆಯ ದಿನ ರೇಲಿನ್‌ಳನ್ನು ಕರೆಸಿ, ಏನೂ ಹೇಳದೆ, ಕ್ಯಾಸೆಟ್ಟು ಕೇಳಿಸಿದಳು. ಹುಡುಗಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಎತ್ತರದ ಸಾಲು ಬಂದಾಗ ಅವಳ ಹುಬ್ಬು ಗಂಟಿಕ್ಕಿತು.

"ನಿಮ್ಮಮ್ಮ ಇಲ್ಲಿ ಒಂಚೂರು ಏರಿಸಿಬಿಟ್ಟಿದಾರಲ್ವಾ?" ಎಂದಳು, ಸತ್ತವರನ್ನು ಆಡಿಕೊಂಡೆನೇನೋ ಎಂಬ ಸಂಕೋಚದಲ್ಲಿ. "ನಿಮ್ಮದೇ ಚೆನ್ನಾಗಿದೆ, ಮಿಸ್ ನೆವಾ."

ನೆವಾ ಕ್ಯಾಸೆಟ್ಟು ನಿಲ್ಲಿಸಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಯಂತ್ರವನ್ನು ಮುಂದಿಟ್ಟಳು. ರೇಲಿನ್ ನಂಬಲಿಲ್ಲ, ಯಂತ್ರ ಕೆಟ್ಟಿದೆ ಎಂದಳು, ಕ್ಯಾಸೆಟ್ಟು ಹಳತು ಎಂದಳು. ಕೊನೆಗೆ ಪಿಟೀಲು ಎತ್ತಿ, ಬೆಳಕಿನ ಮೇಲೆ ಕಣ್ಣು ನೆಟ್ಟು, ಬೆರಳನ್ನು ಕೂದಲೆಳೆಯಷ್ಟು ಮೇಲೆ ಸರಿಸಿದಳು. ಹಸಿರು. ಅವಳ ಮುಖ ಕಹಿ ನುಂಗಿದಂತೆ ಕಿವುಚಿಕೊಂಡಿತು. ಇನ್ನೊಂದು ಸ್ವರ ಹುಡುಕಿದಳು, ಮತ್ತೊಂದು. ಉಸಿರು ಹಿಡಿಯುವುದು ಮರೆತುಹೋಗಿತ್ತು. ಅದು ಸಂಗೀತವಾಗಿರಲಿಲ್ಲ, ಕತ್ತಲಲ್ಲಿ ಗೋಡೆ ತಡವಿಕೊಂಡು ನಡೆದ ಹಾಗಿತ್ತು.

"ಈಗ ಸರಿ ಬಂತಾ?"

"ನಂಗೆ ಗೊತ್ತಾಗಲ್ಲ ಮಗೂ."

"ನಿಮಗೇ ಗೊತ್ತಾಗಲ್ಲ ಅಂದ್ರೆ?"

"ಜೋರಿ ಹತ್ರ ಹೋಗು. ಆವತ್ತು ನಾನು ಅಂದಿದ್ದು ತಪ್ಪು ಅಂತ ಹೇಳು."

"ಅವಳಿಗೆ ಪಿಟೀಲೇ ಬರಲ್ಲ!"

"ಅವಳಿಗೆ ಕೇಳುತ್ತೆ."

ರೇಲಿನ್ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಕೊಂಡಿಗಳನ್ನು ಹಾಕಿ, ತೆಗೆದು, ಮತ್ತೆ ಹಾಕಿದಳು. "ನಿಮ್ಮ ಹತ್ರ ಕಲಿಯೋಕೆ ಬಂದು ಏಳು ವರ್ಷ ಆಯ್ತು, ಮಿಸ್ ನೆವಾ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಅವಳು ಹೋದ ಮೇಲೂ ನೆವಾ ಬಾಗಿಲು ಹಾಕಲಿಲ್ಲ.

ಇನ್ನೂ ಹನ್ನೊಂದು ಮನೆಗೆ ಹೇಳಬೇಕಿತ್ತು. ಮೊದಲು ಎಲ್ಲರಿಗಿಂತ ಚಿಕ್ಕವಳ ಮನೆಗೆ ಫೋನು ಮಾಡಿದಳು. ಆರು ವರ್ಷದ ಪಾಶಾ, ವಸಂತದಲ್ಲಷ್ಟೇ ಸೇರಿದವಳು. ತಾಯಿ ಎತ್ತಿಕೊಂಡಳು.

"ಮಿಸ್ ನೆವಾ! ನೂರು ವರ್ಷ ನಿಮಗೆ. ಬೆಳಿಗ್ಗೆಯಿಂದ ಊಟಾನೂ ಬೇಡ ಇವಳಿಗೆ, ನಿಮ್ಮ ಧಾಟಿನೇ ಆಯ್ತು. ನನ್ನ ತಲೆ ಚಿಟ್ಟು ಹಿಡಿಸಿದಾಳೆ. ಇರಿ, ಇರಿ, ಮೇಲಿನ ಸಾಲೂ ಬಂದುಬಿಡ್ತು, ನೀವೇ ಕೇಳಿ."

"ಒಂದ್ನಿಮಿಷ, ನಾನು ಹೇಳೋದು..." ಎಂದಳು ನೆವಾ. ಅಷ್ಟರಲ್ಲಿ ಆ ತಾಯಿ ಫೋನನ್ನು ಪಿಟೀಲಿನ ಹತ್ತಿರ ಹಿಡಿದಾಗಿತ್ತು.

ಮಗು ನುಡಿಸಿತು. ನೆವಾ ಫೋನನ್ನು ಕಿವಿಗೆ ಒತ್ತಿ ಹಿಡಿದು, ಎಲ್ಲಿ ತಪ್ಪಿದೆಯೆಂದು ಉಸಿರು ಬಿಗಿಹಿಡಿದು ಹುಡುಕಿದಳು. ಅವಳ ಕಿವಿಗೆ ಒಂದೊಂದು ಸ್ವರವೂ ಎಲ್ಲಿರಬೇಕೋ ಅಲ್ಲಿಯೇ ಇತ್ತು. ಎಷ್ಟು ಚೆನ್ನಾಗಿ ನುಡಿಸುತ್ತಿತ್ತು ಆ ಮಗು.

"ಹೆಂಗಿದೆ ಮಿಸ್ ನೆವಾ?" ಎಂದು ತಾಯಿ ಆ ಕಡೆಯಿಂದ ಕೇಳುತ್ತಿದ್ದಳು. "ಹಲೋ? ಕೇಳಿಸ್ತಾ?"