ಗೋವರ್ಧನನ ಕರಿಗುಳಿಗೆ

ಕಲೆ ತೆಗೆಯುವ ದ್ರಾವಣದಲ್ಲಿ ಅದ್ದಿ ಅದ್ದಿ ಬೋರಕ್ಕನ ಬೆರಳ ತುದಿಗಳು ಸಿಪ್ಪೆ ಸುಲಿದಿದ್ದವು. ಮೊಳಕಾಲ್ಮುರಿನ ಗೋವರ್ಧನನ ಶೆಡ್ಡಿನಲ್ಲಿ ರೇಷ್ಮೆ ಸೀರೆ ತೊಳೆಯುವ ಹೆಂಗಸರಿಗೆಲ್ಲ ಅದೇ ಗತಿ. ದ್ರಾವಣದಲ್ಲಿದ್ದದ್ದು ಕ್ಲೋರಿನ್ ಕೂಡಿದ ವಿಷ. ತೊಳೆದ ನೀರು ನೇರ ಅವರ ಓಣಿಯ ಚರಂಡಿಗೆ ಹೋಗುತ್ತಿತ್ತು.

ಹೆಂಗಸರು ಗಲಾಟೆ ಮಾಡಿದ ಮೇಲೆ, ತೊಳೆದ ನೀರನ್ನು ಹಾಯಿಸಿ ಚರಂಡಿಗೆ ಬಿಡಲು ಸರ್ಕಾರದಿಂದ ಒಂದು ಪೀಪಾಯಿ ಬಂತು. ಒಳಗೆಲ್ಲ ಕರಿಗುಳಿಗೆ. ಕುದಾಪುರದ ಕಡೆಯಿಂದ ಬಂದ ಸಂಶೋಧಕಿ ತೇಜಶ್ರೀ ಬಿಡಿಸಿ ಹೇಳಿದಳು:

"ನೀರಿನೊಳಗೆ ಹೈಡ್ರೋಜನ್ ಅನಿಲ ಹಾಯಿಸಿದ್ರೆ ಈ ಗುಳಿಗೆ ವಿಷದಿಂದ ಕ್ಲೋರಿನ್ ಕಳಚಿ ಹಾಕ್ತವೆ. ತಾವು ಮಾತ್ರ ಕರಗಲ್ಲ. ತೊಳೆದು ಮತ್ತೆ ಬಳಸ್ಬೋದು. ಬೆಲೆಬಾಳೋ ಲೋಹ ಐತೆ, ಹುಷಾರು."

ಚರಂಡಿಯ ವಾಸನೆ ಹೋಯಿತು. ಆದರೆ ಗೋವರ್ಧನನ ಕಿವಿಗೆ ಬಿದ್ದದ್ದು ಎರಡೇ ಮಾತು. ಮತ್ತೆ ಬಳಸಬಹುದು ಎಂದಿದ್ದಕ್ಕೆ ಒಂದೇ ಜೊತೆ ಕೈಗವಸನ್ನು ಎಲ್ಲ ಹೆಂಗಸರಿಗೂ ಸರದಿಯಲ್ಲಿ ಕೊಟ್ಟ, ನಿನ್ನೆಯ ಚಹಾಪುಡಿಯನ್ನೇ ಇವತ್ತೂ ಕುದಿಸಿದ. ಬೆಲೆಬಾಳುವ ಲೋಹ ಎಂದಿದ್ದಕ್ಕೆ ಗುಳಿಗೆಗಳನ್ನೇ ಗುಟ್ಟಾಗಿ ಮಾರಿದ. ವಾಸನೆ ಮರಳಿ ಬಂತು.

ತಪಾಸಣೆಗೆ ಅಧಿಕಾರಿ ರವಿಕಿರಣ್ ಬಂದಾಗ ಪೀಪಾಯಿ ಮತ್ತೆ ಭರ್ತಿಯಾಗಿತ್ತು.

"ಏಮಮ್ಮಾ ಬೋರಕ್ಕಾ, ಸಾಹೇಬ್ರಿಗೆ ಗುಳಿಗೆ ತೊಳೆದು ತೋರ್ಸು," ಎಂದ ಗೋವರ್ಧನ.

ಬೋರಕ್ಕ ಬೊಗಸೆ ತುಂಬ ತೆಗೆದು ಬಕೀಟಿನಲ್ಲಿ ಉಜ್ಜಿದಳು. ಗುಳಿಗೆ ಗಂಜಿಯಾಯಿತು. ಮೂಗಿನ ಹತ್ತಿರ ಹಿಡಿದಳು.

"ಅಯ್ಯೋ ಸ್ವಾಮಿ, ಇದು ಆಡಿನ ಹಿಕ್ಕೆ!"

ಪಕ್ಕದಲ್ಲಿ ಸೀರೆ ಹಿಂಡುತ್ತಿದ್ದ ಪುಷ್ಪಲತಾ ನಕ್ಕು ನಕ್ಕು ಕುಸಿದು ಕುಳಿತಳು. ಗೋವರ್ಧನ ಬೆವರೊರೆಸಿಕೊಂಡ.

"ಹೊಸ ಮಾಡೆಲ್ಲು ಸಾರ್. ಸಾವಯವ."

"ಸಾವಯವ ಅಂದ್ಮೇಲೆ ಒಳ್ಳೇದೇ ಬಿಡ್ರಿ," ಎಂದ ರವಿಕಿರಣ್, ಬಕೀಟಿನತ್ತ ನೋಡದೆ ಸಹಿ ಹಾಕಿ ಜೀಪು ಹತ್ತಿದ.

ಪುಷ್ಪಲತಾಳ ನಗು ನಿಂತುಹೋಯಿತು. ಬೋರಕ್ಕ ಸುಲಿದ ಬೆರಳುಗಳನ್ನು ಸೆರಗಿಗೆ ಒರೆಸಿದಳು. "ಏಳ್ರೇ, ಪೀಪಾಯಿ ಎತ್ರಿ."

ಮರುದಿನ ಶೆಡ್ಡಿಗೆ ಯಾರೂ ಹೋಗಲಿಲ್ಲ. ಹೆಂಗಸರೆಲ್ಲ ಸೇರಿ ಪೀಪಾಯಿಗೆ ತಮ್ಮ ಓಣಿಯ ಚರಂಡಿ ನೀರು ತುಂಬಿಸಿ, ತಳ್ಳುಗಾಡಿಯಲ್ಲಿ ತಂದು ರವಿಕಿರಣನ ಕಚೇರಿ ಬಾಗಿಲಿಗೇ ಇಳಿಸಿ, ಸುತ್ತ ಕೂತುಬಿಟ್ಟರು. ಒಳಗಿದ್ದ ಗುಮಾಸ್ತರು ಕೆಮ್ಮುತ್ತ ಹಿತ್ತಲ ಕಿಟಕಿ ಹಾರಿದರು. ರವಿಕಿರಣ್ ಮೂಗು ಮುಚ್ಚಿಕೊಂಡು ಹೊರಬಂದ.

"ಏನಮ್ಮಾ ಇದು? ಉಸಿರಾಡಕ್ಕಾಗ್ತಿಲ್ಲ. ಮೊದ್ಲು ತೆಗೀರಿ ಇಲ್ಲಿಂದ!"

ಬೋರಕ್ಕ ಎಲೆ ಅಡಿಕೆ ಬಾಯಿಗಿಟ್ಟುಕೊಂಡಳು, ಏಳಲಿಲ್ಲ.

"ನಮ್ಮ ಓಣೀದು ನೀವು ತೆಗೀರಿ ಸ್ವಾಮಿ. ಇಲ್ಲೀದು ನಾವು ತೆಗೀತೀವಿ."